ಮೂಲ ರೂಪ ಎಂದರೆ ಯಾವ ದಿನದ ರೂಪ?

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಗೋಷ್ಠಿಯಲ್ಲಿ ನನಗಿಂತ ಮೊದಲು ಮಾತಾಡಿದವರು ಡಾಕ್ಟರು, ಕಾಲೇಜಿನ ಪ್ರಾಧ್ಯಾಪಕರು, ಬ್ಯಾಂಕಿನ ಅಧಿಕಾರಿಗಳು. ನಾನು ಶಿಕಾರಿಪುರದಲ್ಲಿ ಗ್ಯಾರೇಜು ಇಟ್ಟುಕೊಂಡವನು. ಸಮಿತಿಯವರು ಬಂದು, "ನಿನ್ನ ಕೆಲಸದ ಬಗ್ಗೆಯೇ ಮಾತಾಡು, ಹಿತವಚನ ಬೇಡ" ಎಂದರು. ಹಾಗಾಗಿ ಇವತ್ತು ನಾನು ಒಂದೇ ಒಂದು ಗಾಡಿಯ ವಿಷಯ ಹೇಳುತ್ತೇನೆ. ಅದು ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಿರುವ ಗಾಡಿ. ಹೋದ ವರ್ಷ ಅದನ್ನು ಮತ್ತೆ ಮೂಲ ರೂಪಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ರಿಪೇರಿ ಬೇರೆ, ಮೂಲ ರೂಪಕ್ಕೆ ತರುವುದು ಬೇರೆ. ರಿಪೇರಿಯಲ್ಲಿ ಗಾಡಿ ಓಡಿದರೆ ಮುಗಿಯಿತು. ಯಾವ ಕಂಪನಿಯ ಬೋಲ್ಟ್ ಹಾಕಿದೆ, ಯಾವ ವೈರು ಎಳೆದೆ ಎಂದು ಯಾರೂ ಕೇಳುವುದಿಲ್ಲ. ಮೂಲ ರೂಪದ ಕೆಲಸದಲ್ಲಿ ಪ್ರತಿ ಬೋಲ್ಟಿಗೂ ಲೆಕ್ಕ ಹೇಳಬೇಕು. ಯುರೋಪಿನಲ್ಲಿ ಹಳೆಯ ಸ್ಪೋರ್ಟ್ಸ್ ಕಾರುಗಳಿಗೆ ಈ ಕೆಲಸ ಮಾಡುವವರು ಬಹಳ ಮಂದಿ ಇದ್ದಾರೆ. ಜಾಗ್ವಾರ್ ಇ-ಟೈಪ್ ಎಂಬ ಕಾರು 1961ರಲ್ಲಿ ಬಂತು. ಇವತ್ತು ಅಂಥ ಒಂದು ಕಾರು ನಿಮ್ಮ ಕೈಗೆ ಬಂದರೆ, ಇಂಗ್ಲೆಂಡಿನಲ್ಲಿ ಆ ಕಂಪನಿಯ ಹಳೆಯ ದಾಖಲೆ ಕಾಯುವ ಸಂಸ್ಥೆಗೆ ಬರೆದು ಪ್ರಮಾಣಪತ್ರ ತರಿಸಿಕೊಳ್ಳಬಹುದು. ಕಾರು ತಯಾರಾದ ದಿನ, ಅದಕ್ಕೆ ಕೂರಿಸಿದ ಎಂಜಿನ್ ನಂಬರು, ಬಳಿದ ಬಣ್ಣ ಎಲ್ಲ ಅದರಲ್ಲಿ ಇರುತ್ತವೆ. ಆ ಕಾಗದದಲ್ಲಿರುವ ಎಂಜಿನ್ ನಂಬರೂ ಕಾರಿನಲ್ಲಿರುವ ನಂಬರೂ ಒಂದೇ ಆದರೆ ಕಾರಿಗೆ ಒಂದು ಬೆಲೆ, ಇಲ್ಲವಾದರೆ ಇನ್ನೊಂದು ಬೆಲೆ.

ನಮ್ಮ ಕಡೆ ಸ್ಪೋರ್ಟ್ಸ್ ಕಾರು ಎಲ್ಲಿ ಬರಬೇಕು! ಧರ್ಮಸ್ಥಳದ ಮಂಜೂಷಾದಲ್ಲಿ ಹಳೆಯ ಕಾರುಗಳನ್ನು ನೀವು ನೋಡಿರಬಹುದು. ನಮ್ಮ ಶಿಕಾರಿಪುರ, ಶಿರಾಳಕೊಪ್ಪ, ಸೊರಬದ ರಸ್ತೆಯಲ್ಲಿ ನಾವು ಹುಡುಗರಾಗಿದ್ದಾಗ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದದ್ದು ಜಾವಾ ಗಾಡಿಯನ್ನು. ಅದು ನಮ್ಮ ಮೈಸೂರಿನಲ್ಲೇ ಹುಟ್ಟಿದ ಗಾಡಿ.

ಅದರ ಕಥೆ ಮಕ್ಕಳಿಗೆ ಗೊತ್ತಿರಲಿ. ಜಾವಾ ಮೂಲತಃ ಚೆಕೊಸ್ಲೊವಾಕಿಯಾದ ಕಂಪನಿ. ಯಾನೆಚೆಕ್ ಎಂಬ ಮಾಲೀಕರ ಹೆಸರಿನ ಮೊದಲ ಎರಡು ಅಕ್ಷರ, ಅವರು ಪರವಾನಗಿ ಪಡೆದ ಜರ್ಮನಿಯ ವಾಂಡರರ್ ಕಂಪನಿಯ ಮೊದಲ ಎರಡು ಅಕ್ಷರ ಸೇರಿಸಿ 1929ರಲ್ಲಿ ಆ ಹೆಸರು ಆಯಿತು. ಮುಂಬೈಯಲ್ಲಿ ಆ ಗಾಡಿಗಳನ್ನು ತರಿಸಿ ಮಾರುತ್ತಿದ್ದ ಇರಾನಿ ಮನೆತನದವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಎಂಬ ಕಾರ್ಖಾನೆ ಹಾಕಿದರು. 1961ರಲ್ಲಿ ಅಲ್ಲಿಂದ ಗಾಡಿಗಳು ಹೊರಬರತೊಡಗಿದವು. 1973ರ ಹೊತ್ತಿಗೆ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಎಂಬ ಹೆಸರು ಬಂತು. ಯೆಜ್ಡಿ ರೋಡ್‌ಕಿಂಗ್ ನಮ್ಮ ಕಾಲೇಜು ದಿನಗಳ ಗಾಡಿ. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರಿನ ಹೊಸ ಗಾಡಿಗಳು ಮತ್ತೆ ಬಂದವು. ಆದರೆ ಅವು ಮಧ್ಯಪ್ರದೇಶದಲ್ಲಿ ತಯಾರಾಗುವ, ನಾಲ್ಕು ಸ್ಟ್ರೋಕಿನ ಬೇರೆಯೇ ಯಂತ್ರಗಳು.

ಕಾರ್ಖಾನೆ ಮುಚ್ಚಿದ ಮೇಲೆ ನಮ್ಮಂಥವರಿಗೆ ಒಂದು ಕಷ್ಟ ಬಂತು. ಜಾಗ್ವಾರ್ ಇಟ್ಟುಕೊಂಡವನ ಹಾಗೆ ಬರೆದು ಕೇಳಲು ನಮಗೆ ಒಂದು ಕಿಟಕಿ ಇಲ್ಲ. ಈ ಗಾಡಿ ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತು ಎಂಬುದನ್ನು ಗಾಡಿಯನ್ನೇ ಕೇಳಿ ತಿಳಿದುಕೊಳ್ಳಬೇಕು.

ನಾನು ಹೇಳುತ್ತಿರುವ ಗಾಡಿ ನಮ್ಮ ಗಣಿತದ ಮೇಷ್ಟ್ರದು. ಅವರು ಈಗ ಇಲ್ಲ. ಹೆಸರು ಹೇಳಬೇಡ ಎಂದು ಮನೆಯವರು ಕೇಳಿಕೊಂಡಿದ್ದಾರೆ. ಹೇಳದಿದ್ದರೂ ಆ ಶಬ್ದ ನೆನಪಿರುವವರಿಗೆ ಗೊತ್ತಾಗುತ್ತದೆ. ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಬೆಳಿಗ್ಗೆ ಒಂಬತ್ತೂವರೆಗೆ ತಿರುವಿನಲ್ಲಿ ಆ ಶಬ್ದ ಕೇಳಿದರೆ ಮೈದಾನದಲ್ಲಿದ್ದವರೆಲ್ಲ ಸಾಲು ನಿಲ್ಲುತ್ತಿದ್ದರು. 1971ರ ಜಾವಾ 250. ನಿವೃತ್ತಿಯಾದ ಮೇಲೆ ಸೊರಬ ತಾಲ್ಲೂಕಿನ ತಮ್ಮ ಊರಿಗೆ ಹೋದರು. ಅವರು ತೀರಿಕೊಂಡ ಮೇಲೆ ತಮ್ಮನ ಮಗ ಸ್ವಲ್ಪ ದಿನ ಓಡಿಸಿದ. ಆಮೇಲೆ ಗಾಡಿ ಅಡಿಕೆ ಬೇಯಿಸುವ ಮನೆಯ ಮೂಲೆಯಲ್ಲಿ ಹದಿನೆಂಟು ವರ್ಷ ನಿಂತಿತು. ಮಲೆನಾಡಿನ ಮಳೆಗಾಲದ ತೇವ ಒಂದು ಕಡೆ, ಒಲೆಯ ಹೊಗೆ ಇನ್ನೊಂದು ಕಡೆ.

ಮೇಷ್ಟ್ರ ಮಗಳು ನನಗಿಂತ ಎರಡು ವರ್ಷ ಹಿಂದೆ ಇದೇ ಶಾಲೆಯಲ್ಲಿ ಓದಿದವರು. ಅವರು ಬಂದು ವಿಷಯ ಬಿಚ್ಚಿ ಹೇಳಿದರು. "ಅಣ್ಣಾ, ಬೆಂಗಳೂರಿನವರೊಬ್ಬರು ಗಾಡಿ ಕೇಳ್ತಿದ್ದಾರೆ. ಕಾರ್ಖಾನೆಯಿಂದ ಬಂದ ಹಾಗೆ ಪೂರ್ತಿ ಮಾಡಿಸಿಕೊಟ್ಟರೆ ಎರಡು ಲಕ್ಷದ ಮೇಲೆ ಕೊಡ್ತಾರಂತೆ. ನಮ್ಮ ಮನೆ ಚಾವಣಿ ಬಿಚ್ಚಿ ಹಾಕಬೇಕಾಗಿದೆ. ಆದರೆ ಅಮ್ಮ ಒಪ್ಪುತ್ತಿಲ್ಲ. ಅಪ್ಪ ಓಡಿಸುತ್ತಿದ್ದ ಹಾಗೆ ಒಂದು ಸಲ ನೋಡಬೇಕು ಅಂತಾರೆ. ಎರಡೂ ಒಂದೇ ಅಲ್ಲವಾ?"

ಎರಡೂ ಒಂದೇ ಅಲ್ಲ. ಅದೇ ಇವತ್ತಿನ ನನ್ನ ಮಾತಿನ ತಿರುಳು.

ಗಾಡಿಯನ್ನು ಗ್ಯಾರೇಜಿಗೆ ತಂದ ಮೇಲೆ ಒಂದು ವಾರ ನಾನು ಸ್ಪ್ಯಾನರ್ ಮುಟ್ಟಲಿಲ್ಲ. ಫೋಟೊ ತೆಗೆದೆ, ನೋಟುಬುಕ್ಕಿನಲ್ಲಿ ಬರೆದೆ. ಯಾವ ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಯಾವ ನಟ್ಟಿಗೆ ಯಾವ ವಾಷರ್, ಎಲ್ಲ. ಆರ್‌ಸಿ ಪುಸ್ತಕದಲ್ಲಿದ್ದ ಚಾಸಿ ನಂಬರನ್ನು ಹ್ಯಾಂಡಲ್ ಕೆಳಗೆ ಕೆತ್ತಿದ ನಂಬರಿಗೂ, ಎಂಜಿನ್ ನಂಬರನ್ನು ಎಂಜಿನ್ ಮೈಮೇಲಿನ ನಂಬರಿಗೂ ತಾಳೆ ನೋಡಿದೆ. ಎರಡೂ ಸರಿಯಾಗಿದ್ದವು. ಐವತ್ತು ವರ್ಷ ಕಳೆದರೂ ಹುಟ್ಟಿದ ಎಂಜಿನ್ನೇ ಉಳಿದಿದೆ ಎಂದರೆ ಅದು ಮೇಷ್ಟ್ರ ಶಿಸ್ತು.

ಹಾಗೆ ನೋಡುತ್ತ ಹೋದಾಗ ಆ ಗಾಡಿಯಲ್ಲಿ ಮೂರು ಕಾಲ ಒಂದರ ಮೇಲೆ ಒಂದು ಕೂತಿರುವುದು ಕಂಡಿತು. ಮೊದಲನೆಯದು ಮೈಸೂರಿನ ಕಾರ್ಖಾನೆಯ ಕಾಲ. ಎರಡನೆಯದು ಮೇಷ್ಟ್ರ ಕಾಲ. ಅವರು ಹಿಂದೆ ಒಂದು ಕಬ್ಬಿಣದ ಕ್ಯಾರಿಯರ್ ಹಾಕಿಸಿದ್ದರು, ಶಿರಾಳಕೊಪ್ಪದ ಕುಲುಮೆಯಲ್ಲಿ ಮಾಡಿಸಿದ್ದು. ಪರೀಕ್ಷೆಯ ಉತ್ತರ ಪತ್ರಿಕೆಯ ಕಟ್ಟು, ಬಿತ್ತನೆ ಬೀಜದ ಚೀಲ, ಜ್ವರ ಬಂದ ಹುಡುಗರು, ಎಲ್ಲ ಅದರ ಮೇಲೆ ಹೋಗಿವೆ. ಮೂರನೆಯದು ತಮ್ಮನ ಮಗನ ಕಾಲ. ಟಾಂಕಿಗೆ ಕಪ್ಪು ಬಣ್ಣ, ನೇರವಾದ ಬೇರೆ ಹ್ಯಾಂಡಲ್, ಶಬ್ದ ಬರಲೆಂದು ಒಳಗಿನ ಜಾಲರಿ ಕಿತ್ತ ಸೈಲೆನ್ಸರು, ಬೇರೆ ಗಾಡಿಯ ಕಾರ್ಬುರೇಟರು. ವಯಸ್ಸಿನ ಹುಡುಗರು ಮಾಡುವುದೇ ಅದು, ತಪ್ಪೇನಿಲ್ಲ.

ಬೆಂಗಳೂರಿನ ಗಿರಾಕಿಗೆ ಬೇಕಾದದ್ದು ಮೊದಲನೆಯ ಕಾಲ. ಅಮ್ಮನಿಗೆ ಬೇಕಾದದ್ದು ಎರಡನೆಯ ಕಾಲ. ಹಾಗಾದರೆ ಯಾವುದು ಮೂಲ? ಮೂಲ ರೂಪ ಎಂದರೆ ಯಾವ ದಿನದ ರೂಪ? ಇದನ್ನು ಉತ್ತರಿಸದೆ ಮುಂದೆ ಹೋಗುವ ಹಾಗಿರಲಿಲ್ಲ. ಆದರೆ ಎಂಜಿನ್ನಿಗೆ ಆ ಪ್ರಶ್ನೆ ಇಲ್ಲ. ಅದಕ್ಕೆ ಮೂರು ಕಾಲಕ್ಕೂ ಅಳತೆ ಒಂದೇ. ಹಾಗಾಗಿ ಅಲ್ಲಿಂದ ಶುರು ಮಾಡಿದೆ.

ಮಕ್ಕಳೆ, ಎರಡು ಸ್ಟ್ರೋಕಿನ ಎಂಜಿನ್ ಬಹಳ ಸರಳ. ಅದರಲ್ಲಿ ವಾಲ್ವ್ ಇಲ್ಲ. ಪಿಸ್ಟನ್ ಮೇಲೆ ಹೋಗುವಾಗ ತನ್ನ ಕೆಳಗಿನ ಕೋಣೆಗೆ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಎಳೆದುಕೊಳ್ಳುತ್ತದೆ. ಕೆಳಗೆ ಬರುವಾಗ ಅದನ್ನು ಪಕ್ಕದ ಕಿಂಡಿಗಳ ಮೂಲಕ ಮೇಲಕ್ಕೆ ತಳ್ಳುತ್ತದೆ. ಅಂದರೆ ಪಿಸ್ಟನ್ನೇ ಪಂಪು. ಎಂಜಿನ್ನಿಗೆ ಬೇರೆ ಆಯಿಲ್ ವ್ಯವಸ್ಥೆಯೂ ಇಲ್ಲ, 25 ಲೀಟರ್ ಪೆಟ್ರೋಲಿಗೆ 1 ಲೀಟರ್ ಆಯಿಲ್ ಬೆರೆಸಿಯೇ ಹಾಕಬೇಕು. ಹೀಗಿರುವಾಗ ಕೆಳಗಿನ ಕೋಣೆಯ ಎರಡು ಪಕ್ಕದಲ್ಲಿರುವ ರಬ್ಬರಿನ ಆಯಿಲ್ ಸೀಲ್ ಒಣಗಿ ಬಿರುಕು ಬಿಟ್ಟರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಮಿಶ್ರಣದಲ್ಲಿ ಪೆಟ್ರೋಲು ಕಡಿಮೆ, ಅದರೊಂದಿಗೆ ಬರಬೇಕಾದ ಆಯಿಲೂ ಕಡಿಮೆ. ಎಂಜಿನ್ ಅತಿಯಾಗಿ ಕಾಯುತ್ತದೆ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹಳೆಯ ಗಾಡಿಯನ್ನು ಮೂಲೆಯಿಂದ ಎಳೆದು ತಂದು, ಹೊಸ ಪೆಟ್ರೋಲು ಹಾಕಿ, ಒಂದೇ ದಿನದಲ್ಲಿ ಶುರು ಮಾಡಲು ಹೋಗುವವರಿಗೆ ಆಗುವ ನಷ್ಟ ಇದೇ. ಅಂಥ ಗಾಡಿ ಇಟ್ಟುಕೊಂಡವರು ಮೊದಲು ಸೀಲ್ ಬದಲಿಸಿ.

ನಮ್ಮ ಗಾಡಿಯ ಪಿಸ್ಟನ್ ಆಗಲೇ ಹಿಡಿದುಕೊಂಡಿತ್ತು. ಸುತ್ತಿಗೆ ತೋರಿಸುವ ಹಾಗಿಲ್ಲ. ಪ್ಲಗ್ಗಿನ ತೂತಿನಿಂದ ಡೀಸೆಲ್ ಮತ್ತು ಆಯಿಲ್ ಬೆರೆಸಿ ಹಾಕಿ ಹನ್ನೊಂದು ದಿನ ಬಿಟ್ಟೆ. ಹನ್ನೆರಡನೆಯ ದಿನ ಕೂದಲೆಳೆಯಷ್ಟು ಅಲುಗಿತು.

ಈ ಎಂಜಿನ್ನಿನ ಬೋರು ಹೊಸದರಲ್ಲಿ 65 ಮಿಲಿಮೀಟರ್, ಪಿಸ್ಟನ್ ಓಡಾಟ 75 ಮಿಲಿಮೀಟರ್. ಲೆಕ್ಕ ಹಾಕಿದರೆ ಸುಮಾರು 249 ಸಿಸಿ. ಒಂಬತ್ತನೆಯ ತರಗತಿಯವರು ಮನೆಗೆ ಹೋಗಿ ಸಿಲಿಂಡರಿನ ಘನಫಲದ ಸೂತ್ರದಲ್ಲಿ ಮಾಡಿ ನೋಡಿ. ಸವೆದರೆ 0.25 ಮಿಲಿಮೀಟರ್ ಹಂತದಲ್ಲಿ ಕೊರೆಸಿ, ಅಷ್ಟೇ ದಪ್ಪದ ಪಿಸ್ಟನ್ ಹಾಕುತ್ತಾರೆ. ಮೇಷ್ಟ್ರ ಕಾಲದಲ್ಲಿ ಎರಡು ಸಲ ಆಗಿತ್ತು. ಕೊರೆದ ಕಬ್ಬಿಣ ವಾಪಸ್ಸು ಬರುವುದಿಲ್ಲ. ಲೇತಿನವರು, "ಒಂದೇ ಸಲ ಎರಡು ಹಂತ ಹೊಡೆದುಬಿಡೋಣ, ಗೀರು ಪೂರ್ತಿ ಹೋಗುತ್ತೆ" ಎಂದರು. ನಾನು ಬೇಡ ಎಂದೆ. ಒಂದೇ ಹಂತ, 65.75ಕ್ಕೆ ನಿಲ್ಲಿಸಿದೆವು. ಒಂದು ಸಣ್ಣ ಗೀರು ಉಳಿಯಿತು, ಓಡುವುದಕ್ಕೆ ಅದರಿಂದ ತೊಂದರೆ ಇಲ್ಲ. ಮುಂದೆ ಈ ಗಾಡಿಯನ್ನು ಬಿಚ್ಚುವವನಿಗೂ ಸ್ವಲ್ಪ ಕಬ್ಬಿಣ ಉಳಿದಿರಬೇಕು.

ಕ್ರ್ಯಾಂಕಿನ ಕೆಲಸ ಎಲ್ಲಕ್ಕಿಂತ ಕಷ್ಟ. ಅದು ಒಂದೇ ತುಂಡಲ್ಲ. ಎರಡು ಭಾರವಾದ ಚಕ್ರಗಳನ್ನು ನಡುವಿನ ಪಿನ್ನಿನ ಮೇಲೆ ಒತ್ತಿ ಕೂರಿಸಿದ್ದು. ಬೇರಿಂಗ್ ಬದಲಿಸಬೇಕಾದರೆ ಪ್ರೆಸ್ಸಿನಲ್ಲಿ ಬಿಡಿಸಿ, ಮತ್ತೆ ಕೂರಿಸಿ, ಡಯಲ್ ಗೇಜ್ ಇಟ್ಟು ತಿರುಗಿಸಿ, ಕೂದಲೆಳೆಗಿಂತ ಕಡಿಮೆ ವ್ಯತ್ಯಾಸ ಬರುವ ತನಕ ತಾಮ್ರದ ಸುತ್ತಿಗೆಯಿಂದ ತಟ್ಟಿ ಸರಿ ಮಾಡಬೇಕು. ಶಿವಮೊಗ್ಗದಲ್ಲಿ ಇದನ್ನು ಕೈಯಲ್ಲಿ ಮಾಡುವ ಒಬ್ಬ ಹಿರಿಯರು ನನಗೆ ಗೊತ್ತು. ಎಪ್ಪತ್ತು ದಾಟಿದೆ. ಅವರ ಮಕ್ಕಳು ಈ ಕೆಲಸಕ್ಕೆ ಬರಲಿಲ್ಲ. ಅವರು ತಟ್ಟುವಾಗ ನಾನು ಮೂರು ದಿನ ಪಕ್ಕದಲ್ಲಿ ಕೂತು ನೋಡಿದೆ, ಮೊಬೈಲಿನಲ್ಲಿ ಚಿತ್ರ ತೆಗೆದೆ. ಗಾಡಿ ಉಳಿಯಬೇಕಾದರೆ ಆ ಕೈ ಕೆಲಸವೂ ಇನ್ನೊಬ್ಬರ ಕೈಗೆ ಹೋಗಬೇಕು.

ಇನ್ನು ಕರೆಂಟು. ಹಳೆಯ ಜಾವಾ 6 ವೋಲ್ಟಿನ ಡೈನಮೊ ಗಾಡಿ. "ದೀಪ ಮಿಣುಕು ದೀಪ, ಎಲೆಕ್ಟ್ರಾನಿಕ್ ಹಾಕಿ 12 ವೋಲ್ಟ್ ಮಾಡಿಬಿಡು" ಎಂದು ಸಲಹೆ ಕೊಟ್ಟವರು ಹತ್ತು ಜನ. ದಿನಾ ಓಡಿಸುವವರಿಗೆ ಅದು ಒಳ್ಳೆಯ ಸಲಹೆಯೇ. ನನ್ನ ಕೆಲಸ ಬೇರೆ. ದೀಪ ಯಾಕೆ ಮಿಣುಕುತ್ತದೆ ಎಂದು ನೋಡಿ. 24 ವ್ಯಾಟಿನ ಬಲ್ಬಿಗೆ 12 ವೋಲ್ಟಿನಲ್ಲಿ 2 ಆಂಪಿಯರ್ ಸಾಕು, 6 ವೋಲ್ಟಿನಲ್ಲಿ 4 ಆಂಪಿಯರ್ ಬೇಕು. ಹರಿವು ಹೆಚ್ಚಾದಷ್ಟೂ ತುಕ್ಕು ಹಿಡಿದ ಜೋಡಣೆಯಲ್ಲಿ ಸೋರಿಹೋಗುವ ಶಕ್ತಿ ಹೆಚ್ಚು. ಆದ್ದರಿಂದ 6 ವೋಲ್ಟಿನ ಗಾಡಿಯಲ್ಲಿ ಪ್ರತಿ ಜೋಡಣೆಯೂ ಬೆಳ್ಳಿಯ ಹಾಗೆ ಹೊಳೆಯಬೇಕು. ಚಾಸಿಗೆ ಅರ್ತ್ ಕೊಡುವ ಜಾಗವನ್ನೆಲ್ಲ ಉಜ್ಜಿದೆ. ಡೈನಮೊ ಬ್ರಷ್ ಬದಲಿಸಿದೆ. ಪಾಯಿಂಟ್ ಅಂತರ 0.4 ಮಿಲಿಮೀಟರಿಗೆ ಇಟ್ಟೆ. ದೀಪ ಇವತ್ತಿನ ಗಾಡಿಯಷ್ಟು ಬೆಳಗುವುದಿಲ್ಲ, ಆದರೆ 1971ರಲ್ಲಿ ಬೆಳಗಬೇಕಾದಷ್ಟು ಬೆಳಗುತ್ತದೆ. ರಾತ್ರಿ ಓಡಿಸಬೇಡಿ ಎಂದು ಮನೆಯವರಿಗೆ ಹೇಳಿದ್ದೇನೆ.

ಸಾಮಾನು ಹುಡುಕಿದ್ದು ಮೈಸೂರಿನಲ್ಲಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಗುಜರಿ ಅಂಗಡಿಗಳಲ್ಲಿ. ಚೆಕ್ ವಿನ್ಯಾಸದ ಜಿಕೊವ್ ಕಾರ್ಬುರೇಟರ್ ಒಂದು ತಿಪ್ಪೆಯ ಹಾಗಿದ್ದ ಡಬ್ಬದಲ್ಲಿ ಸಿಕ್ಕಿತು. ಈಗ ಹೊಸದಾಗಿ ಮಾಡಿದ ನಕಲಿ ಸಾಮಾನೂ ಸಿಗುತ್ತದೆ. ನೋಡಲು ಹಳೆಯದಕ್ಕಿಂತ ಚೆನ್ನಾಗಿರುತ್ತದೆ, ಕೂರುವುದಿಲ್ಲ. ಕೂರಿಸಲೇಬೇಕಾದ ಕಡೆ ಕೂರಿಸಿದೆ. ಹಾಗೆ ಹಾಕಿದ ಪ್ರತಿ ಹೊಸ ಭಾಗದ ಒಳಮೈ ಮೇಲೆ ಒಂದು ಸಣ್ಣ ಚುಕ್ಕೆ ಹೊಡೆದಿದ್ದೇನೆ. ಹೊರಗಿನಿಂದ ಕಾಣಿಸುವುದಿಲ್ಲ. ಬಿಚ್ಚಿದವನಿಗೆ ಇದು ಹಳೆಯದಲ್ಲ ಎಂದು ಗೊತ್ತಾಗಬೇಕು.

ಬಣ್ಣಕ್ಕೆ ಬರೋಣ. ಆರ್‌ಸಿಯಲ್ಲಿ ಮರೂನ್ ಎಂದಿತ್ತು. ಮರೂನ್ ಎಂದರೆ ಯಾವ ಮರೂನ್? ಅಂಗಡಿಯಲ್ಲಿ ಹತ್ತು ಬಗೆ ಇವೆ. ಟಾಂಕಿಯ ಪಕ್ಕದಲ್ಲಿ ಮೊಣಕಾಲು ಒರಗುವ ರಬ್ಬರಿನ ಪಟ್ಟಿ ಇರುತ್ತದಲ್ಲ, ಅದನ್ನು ಬಿಡಿಸಿದಾಗ ಅಡಿಯಲ್ಲಿ ಅಂಗೈ ಅಗಲ ಜಾಗದಲ್ಲಿ ಮೈಸೂರಿನ ಬಣ್ಣ ಹಾಗೆಯೇ ಇತ್ತು. ಬಿಸಿಲು ಕಾಣದ ಬಣ್ಣ. ಟೂಲ್ ಬಾಕ್ಸಿನ ಮುಚ್ಚಳದ ಒಳಗೂ ಇತ್ತು. ಅದನ್ನು ಮಾದರಿ ಇಟ್ಟು ಬಣ್ಣ ಬೆರೆಸಿದೆವು. ರಬ್ಬರಿನ ಅಡಿಯ ಆ ಅಂಗೈ ಅಗಲ ಜಾಗಕ್ಕೆ ಮಾತ್ರ ಹೊಸ ಬಣ್ಣ ಹೊಡೆಯಲಿಲ್ಲ. ನಾಳೆ ಯಾರಾದರೂ "ಈ ಬಣ್ಣ ಸರಿಯೋ ತಪ್ಪೋ" ಎಂದು ಕೇಳಿದರೆ ಸಾಕ್ಷಿ ಅಲ್ಲೇ ಇದೆ.

ಮೇಲೆ ಚಿನ್ನದ ಬಣ್ಣದ ತೆಳು ಗೆರೆ ಬೇಕಿತ್ತು. ಈಗ ಅಂಟಿಸುವ ಟೇಪು ಸಿಗುತ್ತದೆ. ಕೈಯಲ್ಲಿ ಎಳೆದ ಗೆರೆ ಬೇರೆಯೇ. ಸೊರಬದ ಗುಡಿಗಾರರು ಗಂಧದ ಕೆತ್ತನೆಗೆ, ಬೆಂಡಿನ ಬಾಸಿಂಗಕ್ಕೆ ಹೆಸರಾದವರು ಎಂದು ನಿಮಗೆ ಗೊತ್ತೇ ಇದೆ. ಅವರಲ್ಲಿ ಒಬ್ಬರ ಮುಂದೆ ಟಾಂಕಿ ಇಟ್ಟೆ. ಹಳೆಯ ಗೆರೆಯ ಅಚ್ಚನ್ನು ಟ್ರೇಸಿಂಗ್ ಕಾಗದದಲ್ಲಿ ತೆಗೆದುಕೊಂಡಿದ್ದೆ. ಅವರು ಕಾಗದ ನೋಡಿ, "ಇದನ್ನು ಎಳೆದವನು ಎಡದಿಂದ ಬಲಕ್ಕೆ ಒಂದೇ ಉಸಿರಿಗೆ ಎಳೆದಿದ್ದಾನೆ, ಕೊನೆಯಲ್ಲಿ ಕುಂಚ ಎತ್ತಿದ ಗುರುತು ನೋಡಿ" ಎಂದರು. ಮೈಸೂರಿನ ಕಾರ್ಖಾನೆಯ ಯಾರೋ ಒಬ್ಬ ಕೆಲಸಗಾರನ ಕೈಯನ್ನು ಐವತ್ತು ವರ್ಷದ ಮೇಲೆ ಸೊರಬದ ಒಬ್ಬ ಕೆಲಸಗಾರ ಗುರುತು ಹಿಡಿದರು. ತಾವೂ ಹಾಗೆಯೇ, ಎಡದಿಂದ ಬಲಕ್ಕೆ, ಒಂದೇ ಉಸಿರಿಗೆ ಎಳೆದುಕೊಟ್ಟರು.

ಈಗ ಉಳಿದದ್ದು ಕ್ಯಾರಿಯರ್. ಕಾರ್ಖಾನೆಯ ಗಾಡಿಗೆ ಅದು ಇಲ್ಲ. ಗಿರಾಕಿ ಫೋನಿನಲ್ಲಿ, "ಅದನ್ನು ಮೊದಲು ತೆಗೆಸಿ" ಎಂದಿದ್ದರು. ಅವರ ದೃಷ್ಟಿಯಲ್ಲಿ ಅದು ಸರಿ.

ಇದಕ್ಕೆ ಪ್ರಪಂಚದಲ್ಲಿ ಬೇರೆಯವರು ಏನು ಹೇಳುತ್ತಾರೆ ಎಂದು ಹುಡುಕಿದೆ. ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಫಿವಾ 2012ರಲ್ಲಿ ಟ್ಯೂರಿನ್ ಸನ್ನದು ಎಂಬ ನಿಯಮಾವಳಿಯನ್ನು ಒಪ್ಪಿಕೊಂಡಿದೆ. ಸ್ಮಾರಕಗಳ ರಕ್ಷಣೆಗಾಗಿ 1964ರಲ್ಲಿ ಆದ ವೆನಿಸ್ ಸನ್ನದು ಅದಕ್ಕೆ ಮಾದರಿ. ವಾಹನ ಬಳಕೆಯಲ್ಲಿದ್ದ ಕಾಲದಲ್ಲಿ ಆದ ಬದಲಾವಣೆಯೂ ಅದರ ಚರಿತ್ರೆಗೆ ಸಾಕ್ಷಿ, ಎಲ್ಲವನ್ನೂ ತಯಾರಾದ ದಿನಕ್ಕೇ ಒಯ್ಯಬೇಕೆಂದಿಲ್ಲ ಎಂಬ ಅರ್ಥದ ಮಾತು ಅದರಲ್ಲಿದೆ.

ಇದು ನಮಗೆ ಹೊಸದೇನಲ್ಲ. ಇಲ್ಲೇ ಬಳ್ಳಿಗಾವಿಗೆ ಹೋಗಿ ನೋಡಿ. ಕೇದಾರೇಶ್ವರ ಗುಡಿ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅಂಥ ಗುಡಿಗಳಲ್ಲಿ ಮುರಿದ ಮೂರ್ತಿಗೆ ಹೊಸ ಮೂಗು ಕೂರಿಸುವುದಿಲ್ಲ. ಬಿದ್ದ ಕಲ್ಲಿನ ಜಾಗಕ್ಕೆ ಬೇರೆ ಕಲ್ಲು ಬೇಕಾದರೆ ಕೆತ್ತನೆ ಇಲ್ಲದ ಸಾದಾ ಕಲ್ಲು ಇಡುತ್ತಾರೆ. ಗೋಡೆ ನಿಲ್ಲಬೇಕು, ಆದರೆ ಇದು ಹಳೆಯದು ಎಂಬ ಸುಳ್ಳು ಹೇಳಬಾರದು.

ಹಾಗಾಗಿ ನಾನು ಹೀಗೆ ತೀರ್ಮಾನ ಮಾಡಿದೆ. ಹುಡುಗ ಕಿತ್ತ ಜಾಲರಿ, ಬದಲಿಸಿದ ಕಾರ್ಬುರೇಟರು ಗಾಡಿಯ ಆರೋಗ್ಯ ಕೆಡಿಸಿದ್ದವು. ಅವನ ಕಪ್ಪು ಬಣ್ಣದ ಅಡಿಯಲ್ಲಿ ಟಾಂಕಿ ತುಕ್ಕು ತಿನ್ನುತ್ತಿತ್ತು. ಅವು ಹೋದವು, ಆದರೆ ಫೋಟೊ ಮತ್ತು ನೋಟುಬುಕ್ಕಿನಲ್ಲಿ ಉಳಿದವು. ಮೇಷ್ಟ್ರ ಕ್ಯಾರಿಯರ್ ಯಾವುದನ್ನೂ ಕೆಡಿಸಿಲ್ಲ. ಕುಲುಮೆಯ ಆ ಜಾಣ ಅದನ್ನು ವೆಲ್ಡ್ ಮಾಡಿರಲಿಲ್ಲ. ಚಾಸಿಗೆ ಒಂದು ತೂತೂ ಕೊರೆಯದೆ ನಾಲ್ಕು ಪಟ್ಟಿಯಲ್ಲಿ ಬಿಗಿದಿದ್ದ. ಅರ್ಧ ಗಂಟೆಯಲ್ಲಿ ಬಿಚ್ಚಬಹುದು, ಅರ್ಧ ಗಂಟೆಯಲ್ಲಿ ಹಾಕಬಹುದು. ಅದನ್ನು ತುಕ್ಕು ತೆಗೆದು, ಹಾಗೆಯೇ ಮತ್ತೆ ಬಿಗಿದೆ. ಮಗಳಿಗೆ ಹೇಳಿದೆ: "ಅಮ್ಮ ಇರುವ ತನಕ ಇದು ಮೇಲಿರಲಿ. ನಾಳೆ ನೀವು ಮಾರುವುದಾದರೆ ಅದು ನಿಮ್ಮ ಹಕ್ಕು. ಬಿಚ್ಚಿ ಕೊಡಿ, ಅಡಿಯಲ್ಲಿ ಮೈಸೂರಿನ ಗಾಡಿ ಪೂರ್ತಿ ಇದೆ."

ಮೂಲ ರೂಪಕ್ಕೆ ತರುವ ಕೆಲಸದಲ್ಲಿ ನಾನು ಕಲಿತ ನಿಯಮ ಇಷ್ಟೇ. ಹಿಂದಕ್ಕೆ ತೆಗೆದುಕೊಳ್ಳಲಾಗದ ಕೆಲಸವನ್ನು ಆದಷ್ಟು ಕಡಿಮೆ ಮಾಡು. ಮಾಡಿದ್ದನ್ನು ಬರೆದಿಡು. ಯಾರ ಬಳಕೆಯ ಗುರುತನ್ನು ಅಳಿಸುತ್ತಿದ್ದೀಯ ಎಂದು ಅಳಿಸುವ ಮೊದಲು ಕೇಳಿಕೊ.

ಗಾಡಿ ಊರಿಗೆ ಹೋದ ದಿನ ಅಮ್ಮ ಹೊರಗೆ ಬಂದರು. ಎಂಬತ್ತರ ಹತ್ತಿರದ ವಯಸ್ಸು. ಜಾವಾದಲ್ಲಿ ಕಿಕ್ಕರೂ ಗೇರೂ ಒಂದೇ ಸರಳು. ಹಿಂದಕ್ಕೆ ಮಡಚಿ ಒದ್ದರೆ ಎಂಜಿನ್ ಶುರು, ಮುಂದಕ್ಕೆ ಮಡಚಿದರೆ ಗೇರು. ಎರಡನೆಯ ಒದೆತಕ್ಕೆ ಶುರುವಾಯಿತು. ಅಮ್ಮ ಬಣ್ಣ ನೋಡಲಿಲ್ಲ, ಗೆರೆ ನೋಡಲಿಲ್ಲ. ಹಿಂದೆ ಹೋಗಿ ಕ್ಯಾರಿಯರಿನ ಮೇಲೆ ಕೈ ಇಟ್ಟು, "ಇಲ್ಲೇ ಕೂತು ಹೆರಿಗೆಗೆ ಹೋದದ್ದು ಕಣಪ್ಪ, ಶಿಕಾರಿಪುರದ ಆಸ್ಪತ್ರೆಗೆ. ಇವಳು ಹುಟ್ಟಿದ್ದು ಆ ದಿನವೇ" ಎಂದು ಮಗಳ ಕಡೆ ತೋರಿಸಿದರು. ಮಗಳು ಗಿರಾಕಿಗೆ ಸದ್ಯಕ್ಕೆ ಇಲ್ಲ ಎಂದು ಹೇಳಿದ್ದಾರೆ. ಚಾವಣಿಗೆ ಈ ಮಳೆಗಾಲ ತಗಡು ಹೊದಿಸಿದ್ದಾರೆ. ಅದೂ ನಿಜವಾದ ಖರ್ಚು, ಅವರು ಬಿಟ್ಟುಕೊಟ್ಟದ್ದು ಸಣ್ಣ ಮೊತ್ತವಲ್ಲ.

ಇಂಥ ಗಾಡಿ ಮನೆಯಲ್ಲಿರುವವರು ಇನ್ನೂ ಇದ್ದೀರಿ ಎಂದು ನನಗೆ ಗೊತ್ತು. ನಿಮಗೊಂದು ವಿಷಯ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗೆ ಬೇರೆ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಇಲ್ಲದೆ ಮೂಲ ಸ್ವರೂಪದಲ್ಲಿರುವ ಎರಡು ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರಿನಲ್ಲಿ ವಿಎ ಎಂಬ ಅಕ್ಷರ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಬಳಕೆಗೆ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲು ಮತ್ತು ರಿಪೇರಿಗೆ ಮಾತ್ರ. ಹಾಗಾಗಿ ಆರ್‌ಸಿ ಪುಸ್ತಕ ಗೆದ್ದಲಿಗೆ ಕೊಡಬೇಡಿ. ಎಂಜಿನ್ ಮಾರಿ ಚಾಸಿ ಇಟ್ಟುಕೊಳ್ಳಬೇಡಿ. ಎರಡೂ ನಂಬರು ಜೊತೆಗಿದ್ದರೆ ಮಾತ್ರ ಅದು ಒಂದು ಗಾಡಿ.

ಕೊನೆಯದಾಗಿ ನಮ್ಮ ಶಾಲೆಯ ಮಾತು. ಮಹೋತ್ಸವದ ಲೆಕ್ಕದಲ್ಲಿ ಹಳೆಯ ಸಾಮಾನಿಗೆಲ್ಲ ಬಣ್ಣ ಹೊಡೆಸಬೇಕು ಎಂಬ ಮಾತು ಬಂದಿದೆ. ಪ್ರಯೋಗಾಲಯದಲ್ಲಿ ಹಿತ್ತಾಳೆಯ ತಕ್ಕಡಿ ಇದೆ, ಗಂಟೆ ಇದೆ, ಮೇಷ್ಟ್ರುಗಳ ಕೈಬರಹವಿರುವ ದಾಖಲಾತಿ ಪುಸ್ತಕಗಳಿವೆ, ಹುಡುಗರು ಹೆಸರು ಕೆತ್ತಿದ ಬೆಂಚುಗಳಿವೆ. ಸಮಿತಿಯವರಲ್ಲಿ ನನ್ನದೊಂದು ವಿನಂತಿ. ಬಣ್ಣದ ಡಬ್ಬ ತೆರೆಯುವ ಮೊದಲು ಒಂದು ವಾರ ನೋಡಿ, ಫೋಟೊ ತೆಗೆಯಿರಿ, ಬರೆಯಿರಿ. ಗೆದ್ದಲು ಹಿಡಿದದ್ದಕ್ಕೆ ಮದ್ದು ಹಾಕಿ, ಮುರಿದದ್ದಕ್ಕೆ ಕಾಲು ಕೊಡಿ. ಕೆತ್ತಿದ ಹೆಸರುಗಳನ್ನು ಉಜ್ಜಬೇಡಿ. ತಕ್ಕಡಿಯನ್ನು ಹೊಳೆಯಿಸುವುದಕ್ಕಿಂತ ಅದು ಸರಿಯಾಗಿ ತೂಗುವ ಹಾಗೆ ಮಾಡಿ.

ಆ ಕೆಲಸಕ್ಕೆ ನಾನು ಪ್ರತಿ ಶನಿವಾರ ಮಧ್ಯಾಹ್ನ ಬರುತ್ತೇನೆ, ಕೂಲಿ ಬೇಡ. ನನ್ನ ಜೊತೆ ಮೂರೋ ನಾಲ್ಕೋ ಮಕ್ಕಳನ್ನು ಕೊಡಿ, ಹುಡುಗಿಯರೂ ಬರಲಿ. ಜಾವಾದ ನೋಟುಬುಕ್ಕಿನ ಒಂದು ಪ್ರತಿಯನ್ನು ಶಾಲೆಯ ಗ್ರಂಥಾಲಯಕ್ಕೆ ಇವತ್ತೇ ಕೊಡುತ್ತಿದ್ದೇನೆ. 112 ಪುಟ ಇದೆ. ಕೊನೆಯ ಇಪ್ಪತ್ತು ಪುಟ ಖಾಲಿ ಬಿಟ್ಟಿದ್ದೇನೆ, ಮುಂದೆ ಆ ಗಾಡಿಯನ್ನು ಬಿಚ್ಚುವವರು ಬರೆಯಲಿ ಎಂದು.